ಸೀಟು ಸಿಗದ ಮಕ್ಕಳ ಓದು

ನೀಟ್ ಫಲಿತಾಂಶ ಬಂದ ವಾರ ನಮಗೆ ಫೋಟೊಗಳು ಬರುತ್ತಲೇ ಇರುತ್ತವೆ. ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ, ನಡುವೆ ನಾಚಿ ನಿಂತ ಒಂದು ಮಗು. ಸಂತೋಷದಿಂದಲೇ ಪ್ರಕಟಿಸುತ್ತೇವೆ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಪಿಯುಸಿಯಲ್ಲಿ ಸಯನ್ಸ್ ತೆಗೆದುಕೊಳ್ಳುವುದೇ ಅಪರೂಪವಾಗಿದ್ದ ಕಾಲವನ್ನು ಕಂಡವರಿಗೆ ಆ ಫೋಟೊದ ಬೆಲೆ ಗೊತ್ತು. ಆದರೆ ಫೋಟೊದಲ್ಲಿ ಇಲ್ಲದ ಮಕ್ಕಳ ಲೆಕ್ಕ ಯಾರ ಹತ್ತಿರ ಉಂಟು? 2024ರಲ್ಲಿ ದೇಶದಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ಎಂಬಿಬಿಎಸ್ ಸೀಟುಗಳು ಲಕ್ಷ ದಾಟಿ ಸ್ವಲ್ಪ ಮುಂದೆ ಹೋಗಿವೆ, ಅಷ್ಟೆ. ಸುಮಾರು ಇಪ್ಪತ್ತು ಮಕ್ಕಳಲ್ಲಿ ಒಬ್ಬರಿಗೆ ಸೀಟು. ಉಳಿದವರು ಆ ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು ಕೂತಿರುತ್ತಾರೆ. ಹೊರಗೆ ಉಮ್ಮ ಫೋನಿನಲ್ಲಿ ಸಂಬಂಧಿಕರಿಗೆ ಸಮಜಾಯಿಷಿ ಹೇಳುತ್ತಿರುತ್ತಾರೆ.

ಈ ವಾರ ಅಂತಹ ಒಬ್ಬಳ ಬಗ್ಗೆ ಬರೆಯಬೇಕು ಅನ್ನಿಸಿತು. ಬಂಟ್ವಾಳ ತಾಲೂಕಿನ ಹುಡುಗಿ. ಹೆಸರು ಹಾಕುವುದು ಬೇಡ ಎಂದಿದ್ದಾಳೆ. ಪಿಯುಸಿಯಲ್ಲಿ ಒಳ್ಳೆಯ ಅಂಕ, ನೀಟ್‌ನಲ್ಲಿ ಸೀಟು ಇಲ್ಲ. ಒಂದು ವರ್ಷ ಮನೆಯಲ್ಲಿ ಕೂತು ಕೋಚಿಂಗ್, ಮತ್ತೆ ಸೀಟು ಇಲ್ಲ. ಹುಬ್ಬಳ್ಳಿಯಲ್ಲಿ ಸೋದರಮಾವನ ವ್ಯಾಪಾರ ಇತ್ತು. ಅವರ ಧೈರ್ಯದ ಮೇಲೆ ಧಾರವಾಡದ ಒಂದು ಕಾಲೇಜಿಗೆ ಬಿ.ಎಸ್ಸಿ.ಗೆ ಸೇರಿಸಿದರು. ಸೇರಿಸಿದ್ದು ಓದಲಿಕ್ಕೆ ಅಲ್ಲ. "ಸುಮ್ಮನೆ ಒಂದು ಕಾಲೇಜಿನಲ್ಲಿ ಹೆಸರು ಇರಲಿ, ಮೂರನೇ ಸಲ ನೀಟ್ ಬರೆಯಲಿ" ಅಂತ.

ಹುಬ್ಬಳ್ಳಿ-ಧಾರವಾಡ ನಮ್ಮವರಿಗೆ ಹೊಸ ಊರಲ್ಲ. ದಕ್ಷಿಣ ಕನ್ನಡದಲ್ಲಿ ಅಷ್ಟೊಂದು ವೈದ್ಯಕೀಯ ಕಾಲೇಜುಗಳಿದ್ದರೂ ಸರಕಾರದ್ದು ಅಂತ ಒಂದೂ ನಡೆಯುತ್ತಿಲ್ಲ. ವರ್ಷಕ್ಕೆ ಲಕ್ಷದೊಳಗಿನ ಶುಲ್ಕದಲ್ಲಿ ಡಾಕ್ಟರ್ ಆಗಬೇಕಾದರೆ ಇಲ್ಲಿಯ ಮಗು ಜಿಲ್ಲೆ ಬಿಟ್ಟು ಹೋಗಲೇಬೇಕು. ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು 1957ರದ್ದು, ಜನ ಈಗಲೂ ಕಿಮ್ಸ್ ಎಂದೇ ಕರೆಯುತ್ತಾರೆ. ಧಾರವಾಡದಲ್ಲಿ 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜು, ಅದರ ನಂತರ ಬಂದ ಕರ್ನಾಟಕ ವಿಶ್ವವಿದ್ಯಾಲಯ, 1986ರ ಕೃಷಿ ವಿಶ್ವವಿದ್ಯಾಲಯ. ಈಗ ಸಪ್ತಾಪುರದ ಬೀದಿಗಳಲ್ಲಿ ಸಾಲುಸಾಲು ಕೋಚಿಂಗ್ ಬೋರ್ಡುಗಳು. ನಮ್ಮ ಹುಡುಗಿಯೂ ಮೊದಲ ಆರು ತಿಂಗಳು ಈ ಬೋರ್ಡುಗಳನ್ನು ಬಿಟ್ಟು ಬೇರೇನೂ ನೋಡಲಿಲ್ಲವಂತೆ.

ಹಾಸ್ಟೆಲಿನಲ್ಲಿ ಮೊದಲ ಪೇಚು ಭಾಷೆಯದ್ದು. ಗದಗ, ಬಾಗಲಕೋಟೆ ಕಡೆಯ ಮುಸ್ಲಿಂ ಹುಡುಗಿಯರೆಲ್ಲ ಮನೆಯಲ್ಲಿ ಉರ್ದು ಮಾತನಾಡುವವರು. "ಮುಸ್ಲಿಂ ಅಂತಿ, ಉರ್ದು ಬರೂದಿಲ್ಲ ಅಂತಿ, ಹೆಂಗ?" ಎಂದು ಕೇಳಿದರಂತೆ. ಬ್ಯಾರಿ ಎಂಬ ಭಾಷೆ ಉಂಟು ಎಂದು ವಿವರಿಸಲು ಒಂದು ಸಂಜೆ ಬೇಕಾಯಿತು. ಅಸರ್ ನಮಾಝಿನ ಹೊತ್ತಿನಲ್ಲೂ ವ್ಯತ್ಯಾಸ. ನಾವು ಶಾಫಿಗಳು, ಅವರು ಹನಫಿಗಳು. ಇವಳು ನಮಾಝ್ ಮುಗಿಸಿ ಏಳುವಾಗ ಅವರಿಗೆ ಇನ್ನೂ ಸಮಯವೇ ಆಗಿರುತ್ತಿರಲಿಲ್ಲ. ಕುಚ್ಚಲಕ್ಕಿ ಗಂಜಿಯ ಹೊಟ್ಟೆಗೆ ಜೋಳದ ರೊಟ್ಟಿ ಒಗ್ಗಲು ರಮಝಾನ್ ಬರಬೇಕಾಯಿತು. ಸಹರಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದರೆ ಮಧ್ಯಾಹ್ನದವರೆಗೆ ಹಸಿವು ಹತ್ತಿರ ಬರುವುದಿಲ್ಲ ಎಂದು ಈಗ ಉಮ್ಮನಿಗೇ ಪಾಠ ಹೇಳುತ್ತಾಳೆ.

ಎರಡನೇ ಪೇಚು ಪ್ರಯೋಗಾಲಯದ್ದು. ನಾವು ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ. ಈರುಳ್ಳಿ ಬೇರಿನ ತುದಿಯಲ್ಲಿ ಜೀವಕೋಶ ಒಡೆಯುವುದನ್ನು ನೋಡುವ ಪ್ರಯೋಗ. ಆ ಪಾಠದ ಮೇಲೆ ನೀಟ್‌ಗೆ ಬರಬಹುದಾದ ಪ್ರಶ್ನೆಗಳೆಲ್ಲ ಇವಳಿಗೆ ಬಾಯಿಪಾಠ. ಎಷ್ಟನೇ ಹಂತ, ಯಾವ ಹಂತದಲ್ಲಿ ಏನಾಗುತ್ತದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದಳು. ಬೇರನ್ನು ಬೆಳಗ್ಗೆ ಯಾಕೆ ಕತ್ತರಿಸಬೇಕು, ಬಣ್ಣ ಹಾಕಿ ಎಷ್ಟು ಬಿಸಿ ಮಾಡಬೇಕು, ಗಾಜಿನ ಮೇಲೆ ಹೆಬ್ಬೆರಳು ಎಷ್ಟು ಒತ್ತಬೇಕು ಎಂಬುದು ಮಾತ್ರ ಗೊತ್ತಿರಲಿಲ್ಲ. ಮೊದಲ ಸ್ಲೈಡಿನಲ್ಲಿ ಕಂಡದ್ದು ಗಾಳಿಯ ಗುಳ್ಳೆಗಳು. ಎರಡನೆಯದ್ದು ಒಡೆಯಿತು. "ಇರ್ಲಿ ಬಿಡವಾ, ಇನ್ನೊಮ್ಮೆ ಮಾಡು" ಎಂದರಂತೆ ಮೇಡಂ. ಮೂರು ವರ್ಷ ತಪ್ಪಿಗೊಂದು ಅಂಕ ಕಳೆಯುವ ಪರೀಕ್ಷೆಗೇ ತಯಾರಾಗಿದ್ದ ಮಗುವಿಗೆ, ತಪ್ಪು ಮಾಡಿದರೆ ಇನ್ನೊಮ್ಮೆ ಮಾಡಬಹುದು ಎಂದು ಒಬ್ಬರು ಹೇಳಿದ್ದು ಅದೇ ಮೊದಲು. ಐದನೆಯ ಸ್ಲೈಡಿನಲ್ಲಿ ಕಂಡಿತು. ಆ ದಿನ ಊಟಕ್ಕೆ ಹೋಗಲಿಲ್ಲವಂತೆ, ನೋಡುತ್ತಾ ಕೂತಳಂತೆ.

ಬರೆಯುವುದೂ ಹಾಗೆಯೇ. ನೀಟ್‌ನಲ್ಲಿ 180 ಪ್ರಶ್ನೆ, ಅರ್ಧ ಜೀವಶಾಸ್ತ್ರ, ಎಲ್ಲವೂ ಗುಂಡಿ ತುಂಬಿಸುವ ಕೆಲಸ. ಡಿಗ್ರಿಯಲ್ಲಿ ಹತ್ತು ಅಂಕದ ಪ್ರಶ್ನೆಗೆ ಮೂರು ಪುಟ ಬರೆಯಬೇಕು. ಮೊದಲ ಇಂಟರ್ನಲ್ಸ್‌ನಲ್ಲಿ ಈ 'ರ‍್ಯಾಂಕಿನ ಹುಡುಗಿ'ಗೆ ಬಂದದ್ದು ಪಾಸಿನ ಅಂಕ. ಉತ್ತರ ಗೊತ್ತಿತ್ತು, ವಾಕ್ಯ ಗೊತ್ತಿರಲಿಲ್ಲ. ಇದು ಸೀಟು ಸಿಗದವರ ಕತೆ ಮಾತ್ರ ಅಂದುಕೊಳ್ಳಬೇಡಿ. ಎರಡನೇ ಪ್ರಯತ್ನದಲ್ಲಿ ಎಂಬಿಬಿಎಸ್ ಸೀಟು ಸಿಕ್ಕ ಉಳ್ಳಾಲ ಕಡೆಯ ಒಬ್ಬ ಹುಡುಗ ನಮ್ಮೊಡನೆ ಇದೇ ಮಾತು ಹೇಳಿದ. ಮೊದಲ ವರ್ಷದ ಅಂಗರಚನಾಶಾಸ್ತ್ರದ ಉತ್ತರ ಬರೆಯಲು ಕೂತಾಗ ಪೆನ್ನೇ ಓಡಲಿಲ್ಲವಂತೆ. ಕೋಚಿಂಗ್ ಕೇಂದ್ರ ಸೀಟಿನ ಬಾಗಿಲವರೆಗೆ ಬಿಟ್ಟು ಹೋಗುತ್ತದೆ. ಒಳಗೆ ನಡೆಯುವುದನ್ನು ಅದು ಕಲಿಸಿರುವುದಿಲ್ಲ.

ಮೂರನೇ ಸಲವೂ ಬರೆದಳು. ಅಂಕ ಏರಿತು, ಸೀಟು ಬರಲಿಲ್ಲ. ಆಗ ಮನೆಯಲ್ಲಿ ಎರಡು ಮಾತು. ಒಂದು, ರಸ್ತೆ ಬದಿಯ ಹತ್ತು ಸೆಂಟ್ಸ್ ಮಾರಿ ಖಾಸಗಿ ಸೀಟು. ಅದಕ್ಕೆ ವರ್ಷಕ್ಕೆ ಹತ್ತು ಲಕ್ಷದ ಮೇಲೆ. ಇನ್ನೊಂದು, ವಿದೇಶ. ಏಜೆಂಟ್ ಮನೆಗೇ ಬಂದು ಚಹಾ ಕುಡಿದು ಹೋದ. ಇಲ್ಲಿ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇವೆ: 2021ರ ನಿಯಮದ ಪ್ರಕಾರ ವಿದೇಶದ ವೈದ್ಯ ಪದವಿಗೆ ಇಲ್ಲಿ ಬೆಲೆ ಸಿಗಬೇಕಾದರೆ ಕನಿಷ್ಠ 54 ತಿಂಗಳ ಕೋರ್ಸ್, ಅದರ ಮೇಲೆ ಅಲ್ಲಿಯೇ 12 ತಿಂಗಳ ಇಂಟರ್ನ್‌ಶಿಪ್ ಇರಬೇಕು, ಪಾಠ ಇಂಗ್ಲಿಷಿನಲ್ಲಿ ಆಗಿರಬೇಕು, ಬಂದ ಮೇಲೆ ಇಲ್ಲಿಯ ಪರೀಕ್ಷೆ ಪಾಸಾಗಬೇಕು. ಸಹಿ ಹಾಕುವ ಮೊದಲು ಇದನ್ನು ಏಜೆಂಟನ ಬಾಯಿಯಿಂದಲ್ಲ, ಕಾಗದದಲ್ಲಿ ನೋಡಿ.

ಹುಡುಗಿ ಎರಡನ್ನೂ ಬೇಡ ಎಂದಳು. ಸೂಕ್ಷ್ಮಜೀವಶಾಸ್ತ್ರ ಹಿಡಿಸಿದೆ, ಬಿ.ಎಸ್ಸಿ. ಮುಗಿಸಿ ಎಂ.ಎಸ್ಸಿ. ಮಾಡುತ್ತೇನೆ ಎಂದಳು. ಈಗ ಕೊನೆಯ ವರ್ಷ. ಆಸ್ಪತ್ರೆಯಲ್ಲಿ ಡಾಕ್ಟರ್ ಬರೆದ ಔಷಧಿ ಸರಿಯೋ ಎಂದು ತಿಳಿಯುವುದು ಕೀವನ್ನು, ರಕ್ತವನ್ನು ಬೆಳೆಸಿ ನೋಡಿದವರು ಹೇಳಿದ ಮೇಲೆ, ಆ ಕೆಲಸ ನನಗೆ ಬೇಕು ಅನ್ನುತ್ತಾಳೆ. ಊರಿಗೆ ಬಂದಾಗ ಮಾತ್ರ ಮದುವೆ ಮನೆಗಳಿಗೆ ಹೋಗುವುದಿಲ್ಲ. "ಎಂತ ಮೋಳೆ, ಡಾಕ್ಟರ್ ಆಗಲಿಲ್ಲವಾ?" ಎಂಬ ಪ್ರಶ್ನೆಗೆ ಉತ್ತರ ಹೇಳಿ ಸಾಕಾಗಿದೆಯಂತೆ.

ಡಾಕ್ಟರ್ ಆಗುವ ಆಸೆಯೇ ತಪ್ಪು ಎನ್ನುವವರು ನಾವಲ್ಲ. ಒಂದು ವರ್ಷ ರಿಪೀಟ್ ಮಾಡುವುದರಲ್ಲೂ ಅರ್ಥ ಉಂಟು. ನೀಟ್‌ಗೆ ಗರಿಷ್ಠ ವಯಸ್ಸಿನ ಮಿತಿ ಇಲ್ಲ, ಇಷ್ಟೇ ಸಲ ಬರೆಯಬೇಕು ಎಂಬ ಮಿತಿಯೂ ಇಲ್ಲ. ಆದ್ದರಿಂದ ಮಿತಿ ಹಾಕಬೇಕಾದವರು ಮನೆಯವರು. ಎರಡನೆಯ ಸಲವೂ ಆಗದಿದ್ದರೆ ಮಗುವನ್ನು ಒಂದು ಕಾಲೇಜಿಗೆ ಕಳುಹಿಸಿ, ಅಲ್ಲಿ ಓದಲಿಕ್ಕೆಂದೇ ಕಳುಹಿಸಿ. ಬಿ.ಎಸ್ಸಿ. ಮಾಡುತ್ತಲೂ ನೀಟ್ ಬರೆಯಬಹುದು. ಪಿಯುಸಿ ಮುಗಿದ ವರ್ಷವೇ ಸಿಇಟಿಯನ್ನೂ ಮನಸ್ಸಿಟ್ಟು ಬರೆಸಿ. ಕೃಷಿ, ಪಶುವೈದ್ಯ, ಫಾರ್ಮಸಿಗೆ ಅದೇ ದಾರಿ. ಕರಾವಳಿಯ ತೋಟದ ಮನೆಗಳಿಂದ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಹೋಗುವ ನಮ್ಮ ಮಕ್ಕಳು ಯಾಕೆ ಇಷ್ಟು ಕಡಿಮೆ ಎಂದು ನಾವು ಕೇಳಿಕೊಂಡೇ ಇಲ್ಲ.

ಹುಬ್ಬಳ್ಳಿಯಲ್ಲಿ ವ್ಯಾಪಾರದಲ್ಲಿರುವ ನಮ್ಮವರಲ್ಲಿ ಒಂದು ಕೋರಿಕೆ. ಊರಿನಿಂದ ಬರುವ ಮಗುವಿಗೆ ಮೊದಲ ತಿಂಗಳು ಒಂದು ಮನೆ, ಒಂದು ಫೋನ್ ನಂಬರ್ ಗೊತ್ತಿದ್ದರೆ ಸಾಕು. ಈ ಹುಡುಗಿಗೆ ಮಾವ ಇದ್ದರು, ಎಲ್ಲರಿಗೂ ಇರುವುದಿಲ್ಲ.

ಜಮಾಅತ್‌ಗಳ, ಸಂಘಗಳ ಪದಾಧಿಕಾರಿಗಳಲ್ಲಿ ಇನ್ನೊಂದು. ಸನ್ಮಾನದ ಪಟ್ಟಿಯನ್ನು ನೀಟ್ ರ‍್ಯಾಂಕಿಗೆ ನಿಲ್ಲಿಸಬೇಡಿ. ನಿಮ್ಮ ಮೊಹಲ್ಲಾದಲ್ಲಿ ಬಿ.ಎಸ್ಸಿ., ಎಂ.ಎಸ್ಸಿ. ಓದುತ್ತಿರುವ ಮಕ್ಕಳು ಯಾರು, ಎಲ್ಲಿ, ಯಾವ ವಿಷಯ, ಯಾರಿಗೆ ಹಾಸ್ಟೆಲ್ ಶುಲ್ಕ ಕಷ್ಟ ಎಂದು ಬರೆದಿಟ್ಟುಕೊಳ್ಳಿ. ಮಕ್ಕಳ ಒಪ್ಪಿಗೆ ಪಡೆದು ನಮಗೂ ಕಳುಹಿಸಿ. ಶುಲ್ಕದ ವಿಷಯ ನಿಮ್ಮಲ್ಲೇ ಇರಲಿ. ಏನು ಓದುತ್ತಿದ್ದಾರೆ ಎಂಬುದಕ್ಕೆ ಮುಂದಿನ ತಿಂಗಳಿನಿಂದ ಈ ಪುಟದಲ್ಲಿ ಒಂದು ಅಂಕಣದ ಜಾಗ ಇಡುತ್ತೇವೆ. ಶಾಲು ಹೊದೆಸಿದ ಫೋಟೊ ಬೇಡ.