ಭಂಗಾರವೋ? ಬಂಗಾರವೋ?

ಕಳೆದ ವರ್ಷ ಎಂಟನೆಯ ವರ್ಗದಲ್ಲಿ ಅಲ್ಪಪ್ರಾಣ, ಮಹಾಪ್ರಾಣಗಳ ಪಾಠ ನಡೆದಿತ್ತು. ಒಂದೇ ಅಕ್ಷರದ ವ್ಯತ್ಯಾಸದಿಂದ ಅರ್ಥ ಹೇಗೆ ಬೇರೆಯಾಗುತ್ತದೆ ಎಂಬುದಕ್ಕೆ ಉದಾಹರಣೆ ಕೊಡಿರೆಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಬಂಗಾರ ಅಂದ್ರ ಚಿನ್ನ, ಭಂಗಾರ ಅಂದ್ರ ಮೋಡಕಾ ಸಾಮಾನು" ಎಂದ. ವರ್ಗವೆಲ್ಲ ನಕ್ಕಿತು, ನಾನೂ ನಕ್ಕೆ. ಒಂದು ಕನ್ನಡದ ಶಬ್ದ, ಇನ್ನೊಂದು ಮರಾಠಿಯ ಶಬ್ದ. ಎರಡೂ ಭಾಷೆಗಳ ನಡುವೆ ಬೆಳೆದ ನಮ್ಮ ಗಡಿನಾಡಿನ ಮಕ್ಕಳಿಗೇ ಹೊಳೆಯಬಹುದಾದ ಉದಾಹರಣೆಯದು. ಆದರೆ ಹುಡುಗ ನಗಲಿಲ್ಲ. "ನಮ್ಮ ಅಜ್ಜನ ಟ್ರಕ್ ಬರೂ ಸೋಮವಾರ ಭಂಗಾರಕ್ಕ ಹೋಗತೈತ್ರಿ ಸರ್" ಎಂದು ಹೇಳಿ ಕುಳಿತುಕೊಂಡ.

ಆ ಟ್ರಕ್ಕನ್ನು ನಾನು ಬಲ್ಲೆ. ಬೇವಿನ ಮರದ ಕೆಳಗೆ ಎಷ್ಟೋ ವರ್ಷಗಳಿಂದ ನಿಂತಿದ್ದ ಟಾಟಾ 1210. ಅಜ್ಜ 1983ರಲ್ಲಿ ಸಾಲ ಮಾಡಿ ಕೊಂಡದ್ದು. ಮುಂದಿನ ಗಾಲಿಗಳು ಮಣ್ಣಿನಲ್ಲಿ ಹೂತು ಹೋಗಿದ್ದವು, ಕ್ಯಾಬಿನ್ನಿನಲ್ಲಿ ಕೋಳಿಗಳು ತತ್ತಿ ಇಡುತ್ತಿದ್ದವು. ಕೊಳ್ಳಲು ಬಂದವನು ಕಬ್ಬಿಣದ ತೂಕದ ಮೇಲೆ ಬೆಲೆ ಕಟ್ಟಿದ್ದ. ಆನೆ ಇದ್ದರೂ ಸಾವಿರ ಹೊನ್ನು, ಸತ್ತರೂ ಸಾವಿರ ಹೊನ್ನು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಲಾರಿಯ ಮಟ್ಟಿಗೆ ನಾವು ಸತ್ತ ಮೇಲಿನ ಸಾವಿರವನ್ನೇ ಎಣಿಸಿಕೊಳ್ಳುತ್ತೇವೆ. ಬದುಕಿದ್ದಾಗ ಅದು ಗಳಿಸಿ ಕೊಟ್ಟದ್ದರ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಅದನ್ನು ಕುರಿತು ವಿದ್ಯಾರ್ಥಿ ಮಿತ್ರರಿಗೂ ಪಾಲಕ ಬಂಧುಗಳಿಗೂ ನಾಲ್ಕು ಮಾತು ಹೇಳಬೇಕೆಂದು ಈ ಲೇಖನ.

ನಮ್ಮ ಜತ್ತ ತಾಲೂಕು ಬರದ ಸೀಮೆ. ವರ್ಷವಿಡೀ ಹರಿಯುವ ಹೊಳೆ ಇಲ್ಲಿಲ್ಲ. ಜತ್ತ ಪಟ್ಟಣದವರೆಗೆ ರೈಲು ಬಂದಿಲ್ಲ. ನಮಗೆ ಬರುವುದೆಲ್ಲ ರಸ್ತೆಯಿಂದಲೇ ಬರಬೇಕು, ನಮ್ಮಿಂದ ಹೋಗುವುದೆಲ್ಲ ರಸ್ತೆಯಿಂದಲೇ ಹೋಗಬೇಕು. ಜೋಳ, ಶೇಂಗಾ, ದ್ರಾಕ್ಷಿ, ದಾಳಿಂಬೆ, ಮಾಡಗ್ಯಾಳದ ಕುರಿ, ಯಲ್ಲಮ್ಮನ ಜಾತ್ರೆಗೆ ಬರುವ ಖಿಲಾರಿ ಎತ್ತು ಎಲ್ಲಕ್ಕೂ ಲಾರಿಯೇ ಗತಿ. ಸುಗ್ಗಿಯಲ್ಲಿ ಕಬ್ಬು ಕಡಿಯಲು ಹೋಗುವ ನಮ್ಮ ಜನ ಮಕ್ಕಳುಮರಿಗಳೊಡನೆ ಗಂಟುಮೂಟೆ ಕಟ್ಟಿಕೊಂಡು ಏರುವುದೂ ಅದನ್ನೇ. ಬೇಸಿಗೆಯಲ್ಲಿ ಊರಿಗೆ ನೀರು ತರುವುದೂ ಬೆನ್ನ ಮೇಲೆ ಟಾಕಿ ಹೊತ್ತ ಲಾರಿಯೇ. ಟ್ಯಾಂಕರಿನ ಸಪ್ಪಳ ಕೇಳಿ ಕೊಡ ಹಿಡಿದುಕೊಂಡು ಓಡದ ಮನೆ ನಮ್ಮಲ್ಲಿ ಎಷ್ಟಿದ್ದಾವು?

ನನ್ನ ತಂದೆ 1972ರ ಬರಗಾಲದಲ್ಲಿ ಕ್ಲೀನರ್ ಆಗಿ ಲಾರಿ ಹತ್ತಿದರು. ಹೊಲದಲ್ಲಿ ಹುಲ್ಲುಕಡ್ಡಿ ಇರಲಿಲ್ಲ. ಪರದೇಶದಿಂದ ಬಂದ ಕೆಂಪು ಮಿಲೋ ಜೋಳವನ್ನೂ ಬರಗಾಲದ ಕಾಮಗಾರಿಯ ಮಂದಿಗೆ ಕೊಡುವ ಸುಕಡಿಯನ್ನೂ ಲಾರಿಗಳು ಊರೂರಿಗೆ ಮುಟ್ಟಿಸುತ್ತಿದ್ದ ಕಾಲ. ಮುಂದೆ ಅವರು ಡ್ರೈವರ್ ಆದರು. ಮೂವತ್ತು ವರ್ಷ ಬೇರೆಯವರ ಗಾಡಿ ಓಡಿಸಿದರು. ವಿಜಾಪುರದಿಂದ ಜತ್ತ, ಕರಾಡ ಹಾಯ್ದು ಕುಂಭಾರ್ಲಿ ಘಾಟು ಇಳಿದು ಚಿಪಳೂಣಕ್ಕೆ ಹೋಗುವ ದಾರಿ ಅವರ ಅಂಗೈ ಗೆರೆಯಾಗಿತ್ತು. ಸ್ವಂತದ್ದೊಂದು ಲಾರಿ ಕೊಳ್ಳಬೇಕೆಂಬ ಆಸೆ ಮಾತ್ರ ಈಡೇರಲಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾನು ಹೈಸ್ಕೂಲಿಗೆ ಸೇರುವಾಗ ಅರ್ಜಿಯಲ್ಲಿ ತಂದೆಯ ಉದ್ಯೋಗವೆಂಬಲ್ಲಿ "ಒಕ್ಕಲುತನ" ಎಂದು ಬರೆದೆ. ಡ್ರೈವರ್ ಎಂದು ಬರೆಯಲು ನಾಚಿಕೆಯಾಗಿತ್ತು. ಎಣ್ಣೆಯ ವಾಸನೆಯ ಅಂಗಿ, ಕಪ್ಪು ಹತ್ತಿದ ಉಗುರು, ಎಂಟು ದಿನಕ್ಕೊಮ್ಮೆ ಮನೆಗೆ ಬರುವ ತಂದೆ. ಗೆಳೆಯರು ಏನೆಂದಾರೋ ಎಂಬ ಅಳುಕು. ಅವರು ಆ ಅರ್ಜಿಯನ್ನು ಓದಿದರು, ಏನೂ ಅನ್ನಲಿಲ್ಲ, ಸಹಿ ಮಾಡಿದರು. ಆ ಸಹಿ ಇಂದಿಗೂ ನನ್ನ ಕಣ್ಣ ಮುಂದಿದೆ. ಇಂದು ನಾನು ಶಿಕ್ಷಕನಾಗಿ ಅಂಥವೇ ಅರ್ಜಿಗಳನ್ನು ನೋಡುತ್ತೇನೆ. ನನ್ನಂಥ ಹುಡುಗರು ಈಗಲೂ ಇದ್ದಾರೆ.

ಈ ಗಾಡಿಗಳ ಹಿಂದೆ ನಮ್ಮ ದೇಶದ ಒಂದು ದೊಡ್ಡ ಕಥೆಯೇ ಇದೆ. ನಮ್ಮ ನೆರೆಯ ಸೊಲ್ಲಾಪುರದಲ್ಲಿ 1882ರಲ್ಲಿ ಹುಟ್ಟಿದ ವಾಲಚಂದ ಹಿರಾಚಂದರು ಮುಂಬಯಿಯಲ್ಲಿ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಡಾಜ್, ಫಾರ್ಗೊ ಲಾರಿಗಳು ಅಲ್ಲಿಂದ ಹೊರಬಂದವು. 1954ರಲ್ಲಿ ಜಮಶೇದಪುರದ ಟಾಟಾ ಕಾರಖಾನೆ ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯೊಡನೆ ಕೂಡಿ ಲಾರಿ ತಯಾರಿಸಲು ತೊಡಗಿತು. ಹದಿನೈದು ವರ್ಷಗಳ ಆ ಕರಾರು 1969ರಲ್ಲಿ ಮುಗಿದಾಗ ಲಾರಿಯ ಮುಖದ ಮೇಲಿನ ಬೆಂಜ್ ನಕ್ಷತ್ರ ಹೋಗಿ ಟಾಟಾದ ಗುರುತು ಬಂದಿತು. ಮದ್ರಾಸಿನಲ್ಲಿ 1948ರಲ್ಲಿ ಹುಟ್ಟಿದ ಅಶೋಕ ಮೋಟರ್ಸ್ 1955ರಲ್ಲಿ ಅಶೋಕ ಲೇಲ್ಯಾಂಡ್ ಆಯಿತು. ಜಬಲಪುರದಲ್ಲಿ ಸೈನ್ಯಕ್ಕಾಗಿ ಶಕ್ತಿಮಾನ್ ಗಾಡಿಗಳು ತಯಾರಾದವು. ಅಣೆಕಟ್ಟಿಗೆ ಸಿಮೆಂಟು, ಹೊಲಕ್ಕೆ ಗೊಬ್ಬರ, ಶಾಲೆಗೆ ಹೆಂಚು ಹೊತ್ತು ತಂದವು ಇಂಥ ಗಾಡಿಗಳೇ. 1976ರಲ್ಲಿ ಗದುಗಿನಲ್ಲಿ ವಿಜಯ ಸಂಕೇಶ್ವರರು ಒಂದೇ ಒಂದು ಲಾರಿಯಿಂದ ವ್ಯವಹಾರ ಆರಂಭಿಸಿದರು. ಇಂದು ಅವರದು ದೇಶದ ದೊಡ್ಡ ಸಾಗಾಟ ಸಂಸ್ಥೆಗಳಲ್ಲೊಂದು.

ಮಕ್ಕಳೇ, ಲಾರಿಯ ಹೆಸರಿನಲ್ಲಿಯೂ ಒಂದು ಗಣಿತವಿದೆ. 1210 ಎಂದರೆ ಹೊರೆ ಸಹಿತ ಸುಮಾರು 12 ಟನ್ ತೂಕ, ಕೊನೆಯ ಹತ್ತನ್ನು ಹತ್ತರಿಂದ ಗುಣಿಸಿದರೆ ಸುಮಾರು 100 ಅಶ್ವಶಕ್ತಿ. 1613 ಎಂದರೇನೆಂದು ನೀವೇ ಲೆಕ್ಕ ಹಾಕಿರಿ. ವಿಜ್ಞಾನವಂತೂ ಅದರ ಹೊಟ್ಟೆಯ ತುಂಬ ಇದೆ. ಡಿಸೇಲ್ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ಗು ಬೇಕಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ, ಆ ಕಾವಿಗೆ ಎಣ್ಣೆ ತಾನೇ ಹೊತ್ತಿಕೊಳ್ಳುತ್ತದೆ. ಸೈಕಲ್ ಪಂಪು ಹೊಡೆಯುವಾಗ ಅದರ ಬುಡ ಬಿಸಿಯಾಗುವುದನ್ನು ನೀವು ನೋಡಿಲ್ಲವೇ? ಅದೇ ತತ್ತ್ವ. ರುಡಾಲ್ಫ್ ಡಿಸೇಲ್ ಎಂಬ ಜರ್ಮನ್ ಎಂಜಿನಿಯರರು 1897ರಲ್ಲಿ ಇದನ್ನು ಸಾಧಿಸಿ ತೋರಿಸಿದರು. ಎಣ್ಣೆಯ ನಳಿಗೆಯಲ್ಲಿ ಗಾಳಿ ಹೊಕ್ಕರೆ ಗಾಡಿ ಚಾಲೂ ಆಗುವುದಿಲ್ಲ. ಆಗ ತಿರುಪು ಸಡಿಲಿಸಿ, ಕೈಪಂಪು ಹೊಡೆದು ಗುಳ್ಳೆಗಳೆಲ್ಲ ಹೋಗುವವರೆಗೆ ಎಣ್ಣೆ ಹರಿಯಬಿಡಬೇಕು. ನಡುರಾತ್ರಿ ಘಾಟಿನಲ್ಲಿ ಕಂದೀಲು ಹಿಡಿದು ಇದನ್ನು ಮಾಡಿದವರಿಗೆ ಯಾವ ಕಾಲೇಜಿನ ಪದವಿಯೂ ಇರಲಿಲ್ಲ.

ಹಳೆಯ ಗಾಡಿ ಓಡಿಸುವುದೂ ಒಂದು ವಿದ್ಯೆಯೇ. ಸ್ಟೇರಿಂಗಿಗೆ ಯಂತ್ರದ ನೆರವಿಲ್ಲ, ತೋಳಿನ ಬಲವೇ ಬಲ. ಗೇರು ಬದಲಿಸಲು ಕ್ಲಚ್ಚನ್ನು ಎರಡು ಸಲ ಒತ್ತಬೇಕು. ಒಮ್ಮೆ ಒತ್ತಿ ಗೇರು ಬಿಡಿಸಿ, ಎಂಜಿನ್ನಿನ ವೇಗ ಹೊಂದಿಸಿ, ಮತ್ತೊಮ್ಮೆ ಒತ್ತಿ ಗೇರು ಹಾಕಬೇಕು. ಕಿವಿಯೇ ಗುರು, ತಪ್ಪಿದರೆ ಹಲ್ಲಿಗೆ ಹಲ್ಲು ಕಚ್ಚಿ ಕರಕರ ಎನ್ನುತ್ತದೆ. ಯಾವ ಗೇರಿನಲ್ಲಿ ಘಾಟು ಏರಿದೆಯೋ ಅದೇ ಗೇರಿನಲ್ಲಿ ಇಳಿ ಎಂದು ತಂದೆಯವರು ಹೇಳುತ್ತಿದ್ದರು. ಬರೀ ಬ್ರೇಕು ನಂಬಿ ಇಳಿದರೆ ಡ್ರಮ್ಮು ಕಾದು ಬ್ರೇಕು ಸೋಲುತ್ತದೆ. ಈ ಮಾತು ಲಾರಿಗಷ್ಟೇ ಅಲ್ಲ, ಬಾಳಿಗೂ ಒಪ್ಪುತ್ತದೆ.

ಹಾಗಾದರೆ ಹಳೆಯ ಲಾರಿಗಳನ್ನೆಲ್ಲ ಉಳಿಸಿಕೊಂಡು ರಸ್ತೆಗೆ ಬಿಡಬೇಕೆಂದು ನಾನು ಹೇಳುತ್ತೇನೆಯೇ? ಖಂಡಿತ ಇಲ್ಲ. ಸವೆದ ಬ್ರೇಕಿನ, ಕರಿ ಹೊಗೆ ಕಾರುವ ಗಾಡಿಗೆ ಬಾಡಿಗೆ ಮಾಲು ಹೇರಿ ಓಡಿಸುವುದು ಪ್ರಾಣದೊಡನೆ ಆಟ. ಶಾಲೆಗೆ ನಡೆದು ಬರುವ ಮಕ್ಕಳ ಜೀವಕ್ಕಿಂತ ನೆನಪು ದೊಡ್ಡದಲ್ಲ. ಹಳೆಯ ವಾಹನಗಳನ್ನು ರಸ್ತೆಯಿಂದ ತೆಗೆಯಲು ಕೇಂದ್ರ ಸರಕಾರ 2021ರಲ್ಲಿ ತಂದ ನೀತಿಯ ಉದ್ದೇಶವನ್ನು ನಾನು ಒಪ್ಪುತ್ತೇನೆ. ಒಂದು ಲಾರಿಯನ್ನು ಮೊದಲಿನಂತೆ ಮಾಡುವುದು ಬಡವರ ಕೈಯಳತೆಯದೂ ಅಲ್ಲ. ಎಂಜಿನ್ ಬಿಚ್ಚಿ ಬೋರು ಮಾಡಿಸಬೇಕು, ಹೊಸ ಪಿಸ್ಟನ್ ಕೂಡಿಸಬೇಕು, ಕೊಳೆತ ಕಟ್ಟಿಗೆಯ ಬಾಡಿ ಕಟ್ಟಿಸಬೇಕು, ಆರು ಟಾಯರು ತರಬೇಕು. ಸಾಲ ತೀರಿಸಲು, ಮಗಳ ಮದುವೆ ಮಾಡಲು ಗಾಡಿ ಮಾರಿದವರನ್ನು ಯಾರೂ ದೂಷಿಸಬಾರದು.

ನನ್ನ ತಕರಾರು ಬೇರೆ. ಅದೇ 2021ರಲ್ಲಿ ಸರಕಾರವು ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿರುವ ವಾಹನಗಳನ್ನು ಪಾರಂಪರಿಕವೆಂದು ನೋಂದಾಯಿಸಿ, ಪ್ರದರ್ಶನಗಳಿಗೆ ಒಯ್ಯಲು ನಿಯಮ ಮಾಡಿತು. ಒಳ್ಳೆಯ ಕೆಲಸ. ಆದರೆ ಆ ನಿಯಮ ದ್ವಿಚಕ್ರ ವಾಹನ ಮತ್ತು ಕಾರುಗಳಿಗಾಗಿ ಬರೆದದ್ದು, ಸರಕಿನ ಲಾರಿಯ ನೆನಪು ಯಾರಿಗೂ ಆಗಲಿಲ್ಲ. ರಾಜಮಹಾರಾಜರು ಕುಳಿತ ಕಾರು ಪರಂಪರೆ, ನಾಡಿಗೆ ಜೋಳ ತಂದ ಲಾರಿ ಭಂಗಾರ! ಇದು ನ್ಯಾಯವೇ? ಧರ್ಮಸ್ಥಳದಲ್ಲಿ ಹಳೆಯ ಕಾರುಗಳನ್ನು ಅಕ್ಕರೆಯಿಂದ ಕಾಪಾಡಿರುವುದನ್ನು ನಾವು ಪ್ರವಾಸದಲ್ಲಿ ನೋಡಿ ಸಂತೋಷಪಡುತ್ತೇವೆ. ಇಂಗ್ಲೆಂಡಿನ ಲೇಲ್ಯಾಂಡ್ ಎಂಬ ಊರಿನಲ್ಲಿ ಲಾರಿ, ಬಸ್ಸುಗಳಿಗಾಗಿಯೇ ವಸ್ತುಸಂಗ್ರಹಾಲಯವಿದೆ. ಅಮೇರಿಕೆಯಲ್ಲಿ ಲಾರಿಗಳ ಇತಿಹಾಸ ಕಾಯಲು 1971ರಲ್ಲಿಯೇ ಒಂದು ಸಂಘ ಹುಟ್ಟಿತು. ಹಿತ್ತಲ ಗಿಡ ಮದ್ದಲ್ಲವೆಂಬ ನಮ್ಮ ಗಾದೆ ಈ ವಿಷಯದಲ್ಲಿಯೂ ಸುಳ್ಳಾಗಲಿಲ್ಲ.

ಆದ್ದರಿಂದ ನನ್ನ ಸೂಚನೆ ಇಷ್ಟೇ. ನಿಯಮದಲ್ಲಿ ಲಾರಿಗೂ ಒಂದು ಸ್ಥಾನ ಸಿಗಲಿ. ಜಿಲ್ಲೆಗೊಂದಾದರೂ ಹಳೆಯ ಲಾರಿ ಯಾವುದಾದರೊಂದು ಐ.ಟಿ.ಐ.ಯ ಅಂಗಳದಲ್ಲಿ ಉಳಿಯಲಿ. ಹುಡುಗರು ಅದನ್ನು ಬಿಚ್ಚಿ, ಜೋಡಿಸಿ, ಚಾಲೂ ಮಾಡಿ ಕಲಿಯಲಿ. ಹಳೆಯ ಮಿಸ್ತ್ರಿಗಳು ಬದುಕಿರುವಾಗಲೇ ಅವರನ್ನು ಕರೆದು ಗೌರವಧನ ಕೊಟ್ಟು ಪಾಠ ಹೇಳಿಸಲಿ. ಅವರೊಡನೆ ಆ ವಿದ್ಯೆ ಮಣ್ಣಾದರೆ ಮತ್ತೆ ಸಿಗದು. ಇಷ್ಟೂ ಆಗದಿದ್ದರೆ, ಗಾಡಿ ಮಾರುವ ಮುನ್ನ ಅದರ ಕಥೆಯನ್ನಾದರೂ ಬರೆದಿಡೋಣ. ಅದಕ್ಕೆ ಹಣ ಬೇಕಿಲ್ಲ, ಒಂದು ವಹಿ, ಒಂದು ಪೆನ್ನು ಸಾಕು.

ಆ ಸೋಮವಾರ ಟ್ರಕ್ಕು ಹೋಯಿತು. ಉಳಿಸುವ ಶಕ್ತಿ ನನಗಿರಲಿಲ್ಲ, ಮನೆಯವರಿಗೆ ಹಣದ ಅಡಚಣೆಯಿತ್ತು. ಮಂಗಳವಾರ ಹುಡುಗ ಚೀಲದಿಂದ ಎಣ್ಣೆಯ ಕಲೆ ಹತ್ತಿದ ಒಂದು ಉದ್ದನೆಯ ವಹಿ ತೆಗೆದು ನನ್ನ ಮೇಜಿನ ಮೇಲಿಟ್ಟ. ಸೀಟಿನ ಕೆಳಗೆ ಸಿಕ್ಕಿತಂತೆ. ಅಜ್ಜನ ಖೇಪಿನ ಲೆಕ್ಕ, ಅರ್ಧ ಕನ್ನಡ, ಅರ್ಧ ಮರಾಠಿ. ಸಾಂಗಲಿಗೆ ಅರಿಷಿಣ, ಕೊಲ್ಲಾಪುರದಿಂದ ಬೆಲ್ಲ, ವಿಜಾಪುರದಿಂದ ಜೋಳ, ಚಿಪಳೂಣದಿಂದ ಅಕ್ಕಿ. ನಡುನಡುವೆ "ನೀರು, ನಮ್ಮ ಊರಿಗೆ" ಎಂಬ ಸಾಲುಗಳು. ಆ ಸಾಲುಗಳ ಮುಂದೆ ಬಾಡಿಗೆಯ ಅಂಕಿ ಇರಲಿಲ್ಲ. ಏಕೆಂದು ಕೇಳಿಬರಲು ಹುಡುಗನಿಗೆ ಹೇಳಿದೆ. ಮರುದಿನ ಬಂದು, "ಊರಿನ ನೀರಿಗೆ ಎಂಥಾ ಬಾಡಿಗಿ ಅಂದ್ರಿ ಅಜ್ಜ" ಎಂದ.

ಆ ದಿನ ವರ್ಗದಲ್ಲಿ ನಾವು ಪಠ್ಯಪುಸ್ತಕ ತೆರೆಯಲಿಲ್ಲ, ಆ ವಹಿಯನ್ನೇ ಓದಿದೆವು. ಪಾಠ ಮುಗಿದಾಗ ಇನ್ನೊಬ್ಬ ಹುಡುಗ ಮೆಲ್ಲಗೆ ಎದ್ದು ನಿಂತು, "ಸರ್, ನಮ್ಮಪ್ಪನೂ ಟ್ರಕ್ ಡ್ರೈವರ್ ಅದಾನ್ರಿ" ಎಂದ. ಯಾರೂ ನಗಲಿಲ್ಲ. ಮೂವತ್ತು ವರ್ಷಗಳ ಹಿಂದೆ ನಾನು ಹೇಳಬೇಕಾಗಿದ್ದ ಮಾತನ್ನು ಅವನು ಹೇಳಿದ್ದ.

ಪಾಲಕ ಬಂಧುಗಳೇ, ನಿಮ್ಮ ದುಡಿಮೆಯ ಕಥೆಯನ್ನು ಮಕ್ಕಳಿಗೆ ಹೇಳಿರಿ. ಮಕ್ಕಳೇ, ಕೇಳಿ ಬರೆದಿಡಿರಿ. ಕಬ್ಬಿಣ ಭಂಗಾರಕ್ಕೆ ಹೋದರೆ ಹೋಗಲಿ, ಅದರೊಳಗಿನ ಬಂಗಾರವನ್ನು ಮಾತ್ರ ತೂಕಕ್ಕೆ ಹಾಕಬೇಡಿರಿ.