ಅಂಕ ಕಡಿಮೆಯಾದರೆ ದಾರಿ ಮುಚ್ಚಿತೇ?



ಮಕ್ಕಳ ಡಿಗ್ರಿ ಫಲಿತಾಂಶ ಬಂದ ವಾರ ಮನೆಗೆ ಬರುವ ನೆಂಟರು ಕಾಫಿ ಲೋಟ ಕೈಗೆ ತೆಗೆದುಕೊಳ್ಳುವ ಮೊದಲೇ ಕೇಳುವ ಮಾತು ಒಂದೇ: "ಪರ್ಸೆಂಟೇಜ್ ಎಷ್ಟು ಬಂತು?" 85, 90 ಬಂದ ಮನೆಯವರು ಕೇಳುವುದಕ್ಕೆ ಮುಂಚೆಯೇ ಹೇಳಿಬಿಡುತ್ತಾರೆ. 50ರ ಆಸುಪಾಸು ಬಂದ ಮನೆಯ ತಾಯಿ ಮಾತ್ರ "ಇರಿ, ಚಕ್ಕುಲಿ ತರ್ತೀನಿ" ಅಂತ ಒಳಗೆ ಹೋಗಿಬಿಡುತ್ತಾಳೆ. ಹಾಗೆ ಚಕ್ಕುಲಿ ನೆಪ ಮಾಡಿಕೊಂಡು ಒಳಗೆ ಹೋದವರಲ್ಲಿ ನಾನೂ ಒಬ್ಬಳು.

ಹೋದ ತಿಂಗಳು ಓದುಗ ಸೋದರಿಯೊಬ್ಬರು ಪತ್ರ ಬರೆದಿದ್ದರು. ಮಗನಿಗೆ ಬಿ.ಕಾಂ.ನಲ್ಲಿ ಶೇಕಡ 53 ಬಂದಿದೆಯಂತೆ. ಎಂ.ಬಿ.ಎ. ಓದಬೇಕೆಂದು ಆಸೆ ಇಟ್ಟುಕೊಂಡಿದ್ದಾನಂತೆ. "ಇಷ್ಟು ಅಂಕಕ್ಕೆ ಯಾರಮ್ಮ ಸೇರಿಸಿಕೊಳ್ತಾರೆ? ಸುಮ್ಮನೆ ದುಡ್ಡು ದಂಡ ಅಂತ ಅವರಪ್ಪ ರೇಗುತ್ತಾರೆ. ನಾನು ಯಾರ ಪರ ಮಾತಾಡಲಿ?" ಎಂದು ಕೇಳಿದ್ದಾರೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆದರೂ ಈ ಪ್ರಶ್ನೆಗೆ ಉತ್ತರ ಹೇಳುವ ಧೈರ್ಯ ಮಾಡುತ್ತೇನೆ, ಏಕೆಂದರೆ ಇದೇ ಪ್ರಶ್ನೆ ಮೂರು ವರ್ಷ ನಮ್ಮ ಮನೆಯ ನಡುಮನೆಯಲ್ಲೇ ಕುಳಿತಿತ್ತು.

ನಮ್ಮದು ತಿಪಟೂರು. ನನ್ನ ಮಗಳಿಗೆ ಬಿ.ಕಾಂ.ನಲ್ಲಿ ಬಂದದ್ದು ಶೇಕಡ 54. ನೆಂಟರ ಮುಂದೆ ಒಂದು ಸಲ "ಅವಳು ಓದಿನಲ್ಲಿ ಅಷ್ಟಕ್ಕಷ್ಟೇ ಕಣ್ರೀ" ಅಂದುಬಿಟ್ಟೆ. ರೂಮಿನಲ್ಲಿದ್ದ ಅವಳಿಗೆ ಅದು ಕೇಳಿಸಿತು. ರಾತ್ರಿ ಊಟಕ್ಕೆ ಕೂತಾಗ ತಟ್ಟೆಯಿಂದ ತಲೆ ಎತ್ತದೆ ಕೇಳಿದಳು: "ಅಮ್ಮ, ಮೂರನೇ ಸೆಮಿಸ್ಟರ್, ನಾಲ್ಕನೇ ಸೆಮಿಸ್ಟರ್‌ನಲ್ಲಿ ಅಜ್ಜಿಗೆ ರಾತ್ರಿ ಎದ್ದು ನೀರು ಕೊಡ್ತಿದ್ದೋರು ಯಾರು?"

ನನ್ನ ಬಾಯಿ ಕಟ್ಟಿಹೋಯಿತು. ಆ ವರ್ಷ ನಮ್ಮ ಅತ್ತೆಯವರು ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದರು. ಹಗಲೆಲ್ಲ ನಾನು ನೋಡಿಕೊಂಡರೆ ರಾತ್ರಿಯ ಪಾಲು ಅವಳದಾಗಿತ್ತು. ನಾನು ಹಾಗೆ ಹೇಳಿರಲಿಲ್ಲ, ಆದರೆ ಬೇಡವೆಂದೂ ಹೇಳಲಿಲ್ಲ. "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು" ಅಂತಾರಲ್ಲ, ಹಾಗಾಯಿತು ನನಗೆ. ಅವಳ ಅಂಕಪಟ್ಟಿಯಲ್ಲಿ ನನ್ನ ಪಾಲೂ ಇತ್ತು. ಅದನ್ನು ಒಪ್ಪಿಕೊಂಡ ಮೇಲೆಯೇ ನಮ್ಮ ಮನೆಯಲ್ಲಿ ಮುಂದಿನ ಮಾತು ಹೊರಟದ್ದು.

ಪಕ್ಕದ ಬೀದಿಯಲ್ಲಿ ನಿವೃತ್ತರಾದ ಕಾಮರ್ಸ್ ಮೇಷ್ಟ್ರೊಬ್ಬರಿದ್ದಾರೆ. ಮಗಳನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಅವರು ಒಟ್ಟು ಅಂಕ ನೋಡಲೇ ಇಲ್ಲ. ಆರು ಸೆಮಿಸ್ಟರಿನ ಅಂಕವನ್ನೂ ಒಂದರ ಕೆಳಗೊಂದು ಬರೆಸಿದರು: 57, 56, 46, 44, 58, 63. "ನೋಡಮ್ಮ, ನಡುವೆ ಎರಡು ಕಡೆ ಹಳ್ಳ ಇದೆ. ಆಮೇಲೆ ದಾರಿ ಏರಿದೆ. ಬರೀ 54 ಅಂದ್ರೆ ಈ ಕಥೆ ಯಾರಿಗೂ ಕಾಣಲ್ಲ. ಕಾಣೋ ಹಾಗೆ ಮಾಡೋದು ನಿನ್ನ ಕೆಲಸ," ಎಂದರು. ಸೋದರಿಯರೇ, ನೀವೂ ಮೊದಲು ಹೀಗೆ ಬರೆದು ನೋಡಿ. ಬೈಯುವುದಕ್ಕೆ ಮುಂಚೆ ಬರೆದು ನೋಡಿ.

ಅವರು ತಿಳಿಸಿದ ಇನ್ನೊಂದು ಮುಖ್ಯ ವಿಷಯ ಹೊಸ್ತಿಲಿನದು. ನಮ್ಮ ದೇಶದಲ್ಲಿ ಎಂ.ಬಿ.ಎ.ಗೆ ಸಾಮಾನ್ಯವಾಗಿ ಡಿಗ್ರಿಯಲ್ಲಿ ಶೇಕಡ 50 ಇರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ವರ್ಗದವರಿಗೆ 45 ಸಾಕು. ನಮ್ಮ ರಾಜ್ಯದಲ್ಲಿ ಪ್ರವರ್ಗ 1ಕ್ಕೂ ಈ ರಿಯಾಯಿತಿ ಇದೆ. ಅಷ್ಟು ಅಂಕವಿದ್ದರೆ ಹೊಸ್ತಿಲು ದಾಟಿದಂತೆ. ಪತ್ರ ಬರೆದ ಸೋದರಿಯ ಮಗ ದಾಟಿದ್ದಾನೆ. ಅದಕ್ಕಿಂತ ಕಡಿಮೆ ಇದ್ದವರು ಹೆದರಿ ಕೂರಬೇಡಿ. ಹಿಂದಿನ ವಿಷಯಗಳನ್ನು ಮತ್ತೆ ಬರೆದು ಅಂಕ ಸುಧಾರಿಸಿಕೊಳ್ಳಲು ಅವಕಾಶವಿದೆಯೇ ಎಂದು ತಮ್ಮ ವಿಶ್ವವಿದ್ಯಾಲಯದಲ್ಲಿ ಮೊದಲು ವಿಚಾರಿಸಿ.

ಹೊಸ್ತಿಲು ದಾಟಿದ ಮೇಲೆ ಪ್ರವೇಶ ಪರೀಕ್ಷೆ. ಹಳೆಯ ಅಂಕವನ್ನು ಅಳಿಸಲು ಬರುವುದಿಲ್ಲ, ಆದರೆ ಅದರ ಪಕ್ಕದಲ್ಲಿ ಹೊಸ ಅಂಕವೊಂದನ್ನು ಇಡಬಹುದು. ಎಲ್ಲಕ್ಕಿಂತ ದೊಡ್ಡದು ಐಐಎಂ ಸಂಸ್ಥೆಗಳು ನಡೆಸುವ ಕ್ಯಾಟ್. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರಿನಲ್ಲಿ. ಇಂಗ್ಲಿಷ್ ಓದು, ಕೋಷ್ಟಕ ನೋಡಿ ತರ್ಕ ಮಾಡುವುದು, ಲೆಕ್ಕ ಎಂದು ಮೂರು ಭಾಗ. ಒಂದೊಂದಕ್ಕೆ 40 ನಿಮಿಷ. ಸರಿ ಉತ್ತರಕ್ಕೆ 3 ಅಂಕ. ಆಯ್ಕೆ ಕೊಟ್ಟ ಪ್ರಶ್ನೆಯಲ್ಲಿ ತಪ್ಪಿದರೆ 1 ಅಂಕ ಕಳೆಯುತ್ತಾರೆ. ಎಷ್ಟು ಸಲ ಬೇಕಾದರೂ ಬರೆಯಬಹುದು. ಲೆಕ್ಕವೆಂದರೆ ಭಯ ಬೇಡ. ಶೇಕಡಾವಾರು, ಲಾಭ-ನಷ್ಟ, ಕಾಲ-ಕೆಲಸ, ಹೀಗೆ ಬಹುಪಾಲು ನಾವು ಹೈಸ್ಕೂಲಿನಲ್ಲಿ ಮಾಡಿದ್ದೇ. ಬೇಗ ಮಾಡಬೇಕು, ಅಷ್ಟೇ.

ಇಲ್ಲಿ ಪರ್ಸೆಂಟೇಜ್ ಬೇರೆ, ಪರ್ಸೆಂಟೈಲ್ ಬೇರೆ. 84 ಪರ್ಸೆಂಟೈಲ್ ಅಂದರೆ ನೂರಕ್ಕೆ 84 ಅಂಕ ಅಲ್ಲ. ನೂರು ಜನ ಸಾಲಾಗಿ ನಿಂತರೆ ಸುಮಾರು 84 ಜನ ಅವರ ಹಿಂದೆ ಇದ್ದಾರೆ ಅಂತ ಅರ್ಥ. ಇದು ತಿಳಿಯದೆ ನಮ್ಮ ಯಜಮಾನರು ಎದುರು ಮನೆಯವರಿಗೆಲ್ಲ "ನೂರಕ್ಕೆ 84" ಅಂತ ಹೇಳಿಕೊಂಡು ಬಂದಿದ್ದರು!

ಕ್ಯಾಟ್ ಒಂದೇ ಬಾಗಿಲಲ್ಲ. ನಮ್ಮ ಕರ್ನಾಟಕ ಪರೀಕ್ಷಾ ಪ್ರಾಧಿಕಾರದವರು ಪಿಜಿಸಿಇಟಿ ನಡೆಸುತ್ತಾರೆ. ನೂರು ಪ್ರಶ್ನೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಸೀಟು ಸಿಗುವುದು ಮುಖ್ಯವಾಗಿ ಆ ಪರೀಕ್ಷೆಯ ರ‍್ಯಾಂಕಿನ ಮೇಲೆ. ಡಿಗ್ರಿಯಲ್ಲಿ ಹಿಂದೆ ಬಿದ್ದವರಿಗೆ ಇದೊಂದು ದೊಡ್ಡ ಅನುಕೂಲ. ಇದಲ್ಲದೆ ಕೆಮ್ಯಾಟ್, ಸಿಮ್ಯಾಟ್, ಮ್ಯಾಟ್ ಎಂದು ಬೇರೆ ಪರೀಕ್ಷೆಗಳೂ ಇವೆ. ಯಾವ ಕಾಲೇಜು ಯಾವುದನ್ನು ಒಪ್ಪುತ್ತದೆ ಎಂದು ಮೊದಲೇ ಪಟ್ಟಿ ಮಾಡಿಕೊಳ್ಳಿ.

ಸುಳ್ಳು ಆಸೆ ಹುಟ್ಟಿಸುವುದು ನನಗಿಷ್ಟವಿಲ್ಲ, ಅದಕ್ಕೇ ಒಂದು ಮಾತು ಹೇಳುತ್ತೇನೆ. ಎಲ್ಲ ಬಾಗಿಲೂ ತೆರೆಯುವುದಿಲ್ಲ. ಬೆಂಗಳೂರಿನ ಐಐಎಂನಂಥ ಕಡೆ ಕ್ಯಾಟ್ ಜೊತೆಗೆ ಹತ್ತನೇ ತರಗತಿ, ಪಿಯುಸಿ, ಡಿಗ್ರಿ ಅಂಕಗಳನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಅಲ್ಲಿ 54 ಹಿಂದಕ್ಕೆ ಎಳೆಯುತ್ತದೆ. ಆದರೆ ಅದೇ ಕಡೆ ಕೆಲಸದ ಅನುಭವಕ್ಕೂ ಒಂದು ತೂಕ ಕೊಡುತ್ತಾರೆ.

ಮೇಷ್ಟ್ರು ಹೇಳಿದ್ದೂ ಅದನ್ನೇ: "ಎರಡು ವರ್ಷ ಕೆಲಸ ಮಾಡಲಿ. ಕೆಲಸ ದೊಡ್ಡದಾಗಿರಬೇಕು ಅಂತಿಲ್ಲ, ಏನು ಕಲಿತೆ ಅಂತ ಹೇಳೋ ಹಾಗಿರಬೇಕು." ಮಗಳು ಊರಿನ ಆಡಿಟರ್ ಆಫೀಸಿಗೆ ಸೇರಿದಳು. ನಮ್ಮೂರು ಕೊಬ್ಬರಿ ಮಾರುಕಟ್ಟೆಗೆ ಹೆಸರಾದ ಊರು. ಮಂಡಿ ವರ್ತಕರ ಲೆಕ್ಕ ಬರೆಯುವುದು, ಅವರ ಜಿಎಸ್‌ಟಿ ರಿಟರ್ನ್ಸ್ ಸಿದ್ಧ ಮಾಡುವುದು ಅವಳ ಕೆಲಸ. ಸಂಬಳ ಅಷ್ಟೇನೂ ಇರಲಿಲ್ಲ. ಜೊತೆಗೆ ಕೇಂದ್ರ ಸರ್ಕಾರದ ಸ್ವಯಂ ಎಂಬ ವ್ಯವಸ್ಥೆಯಲ್ಲಿ ಮೊಬೈಲಿನಲ್ಲೇ ಅಂಕಿಅಂಶ ಶಾಸ್ತ್ರದ ಪಾಠ ಕೇಳಿದಳು. ಪಾಠಕ್ಕೆ ದುಡ್ಡಿಲ್ಲ, ಪ್ರಮಾಣಪತ್ರ ಬೇಕೆಂದರೆ ಪರೀಕ್ಷೆಗೆ ಮಾತ್ರ ಶುಲ್ಕ. ಡಿಗ್ರಿಯಲ್ಲಿ ಅವಳಿಗೆ ಕಡಿಮೆ ಬಂದ ವಿಷಯ ಅದೇ. ಅದರಲ್ಲೇ ಮತ್ತೆ ಪಾಸಾಗಿ ತೋರಿಸಿದಳು.

ನನ್ನ ಪಾಲಿನ ಕೆಲಸ ಸಣ್ಣದು. ಬೆಳಿಗ್ಗೆ ಐದರಿಂದ ಏಳರವರೆಗೆ ಅವಳನ್ನು ಅಡಿಗೆಮನೆಗೆ ಕರೆಯಲಿಲ್ಲ. ಆ ನಡುವೆ ಒಂದು ಸಂಬಂಧವೂ ಬಂದಿತ್ತು. ನಮ್ಮ ಯಜಮಾನರು "ಅಂಕ ನೋಡಿದ್ರೆ ಗೊತ್ತಾಗಲ್ವಾ, ಮದುವೆ ಮಾಡೋಣ" ಎಂದರು. "ಅಂಕ ಹೋದದ್ದು ನಿಮ್ಮ ತಾಯಿಯ ಸೇವೆಗೆ. ಎರಡು ವರ್ಷ ತಡೀರಿ," ಎಂದೆ. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಅವರಿಗೆ ಎದುರು ನಿಂತು ಆಡಿದ ಮಾತು ಇದೊಂದೇ ಇರಬೇಕು. ಅವರು ಪೇಪರು ಮಡಿಸಿಟ್ಟು ಹೊರಗೆ ಹೋದರು. ಮಾರನೆಯ ದಿನ ಅವರೇ ಅಲಾರಂ ಐದಕ್ಕೆ ಇಟ್ಟರು.

ಮೊದಲ ಸಲ ಕ್ಯಾಟ್‌ನಲ್ಲಿ 62 ಪರ್ಸೆಂಟೈಲ್. ಎಲ್ಲಿಂದಲೂ ಕರೆ ಬರಲಿಲ್ಲ. ಎರಡು ದಿನ ಅತ್ತಳು. ಎರಡನೇ ಸಲ 84. ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯಿಂದ ಸಂದರ್ಶನಕ್ಕೆ ಕರೆ ಬಂತು.

ಸಂದರ್ಶನದಲ್ಲಿ ಕಡಿಮೆ ಅಂಕದ ಬಗ್ಗೆ ಕೇಳದೆ ಬಿಡುವುದಿಲ್ಲ. ನಾನು "ಅಜ್ಜಿ ವಿಷಯ ಪೂರ್ತಿ ಹೇಳೇ, ಅವರಿಗೂ ಮನಸ್ಸು ಕರಗಬಹುದು" ಅಂದಿದ್ದೆ. ಮೇಷ್ಟ್ರು ಬೇಡವೇ ಬೇಡ ಎಂದರು. "ಕಾರಣ ಎರಡು ಮಾತಿನಲ್ಲಿ ಮುಗೀಬೇಕು. ಉಳಿದದ್ದೆಲ್ಲ ಆಮೇಲೆ ಏನು ಮಾಡಿದೆ ಅನ್ನೋದು. ಯಾರ ಮೇಲೂ ದೂರು ಬೇಡ, ಕಣ್ಣೀರೂ ಬೇಡ." ಅವಳು ಅಲ್ಲಿ ಹೇಳಿದ್ದು ಇಷ್ಟು: "ಎರಡನೇ ವರ್ಷ ನಮ್ಮಜ್ಜಿ ಹಾಸಿಗೆ ಹಿಡಿದಿದ್ದರು, ರಾತ್ರಿ ನಾನು ನೋಡಿಕೊಳ್ಳುತ್ತಿದ್ದೆ. ಸಮಯ ಹಂಚಿಕೊಳ್ಳೋದು ಆಗ ನನಗೆ ತಿಳೀಲಿಲ್ಲ, ಮೂರನೇ ವರ್ಷ ಕಲಿತೆ. ಕೊನೆಯ ಎರಡು ಸೆಮಿಸ್ಟರಿನ ಅಂಕ ನೋಡಬಹುದು. ಈಗ ಎರಡು ವರ್ಷದಿಂದ ಕೊಬ್ಬರಿ ವರ್ತಕರ ಲೆಕ್ಕ ನೋಡ್ತಿದ್ದೀನಿ." ಅಲ್ಲಿಂದಾಚೆಗೆ ಅವರು ಕೇಳಿದ್ದೆಲ್ಲ ಕೊಬ್ಬರಿಯ ಬಗ್ಗೆಯೇ: ಬೆಲೆ ಏಕೆ ಏರುತ್ತದೆ, ವರ್ತಕರು ಸಾಲ ಹೇಗೆ ವಸೂಲು ಮಾಡುತ್ತಾರೆ, ಹೀಗೆ. ಅಂಕದ ಮಾತು ಮತ್ತೆ ಬರಲಿಲ್ಲ.

ಎಲ್ಲರ ಮನೆಯಲ್ಲೂ ಕಾಯಿಲೆಯ ಅಜ್ಜಿ ಇರಬೇಕಾಗಿಲ್ಲ. ಮಗ ಕ್ರಿಕೆಟ್ಟು, ಸಿನಿಮಾ ಅಂತ ಅಲೆದು ಅಂಕ ಕಳೆದಿದ್ದರೆ "ಆಗ ಗಂಭೀರವಾಗಿ ಓದಲಿಲ್ಲ, ತಪ್ಪು ನನ್ನದೇ" ಎಂದು ಹೇಳಲಿ. ಇಲ್ಲದ ಕಾಯಿಲೆಯನ್ನು ಮಾತ್ರ ಹುಟ್ಟಿಸದಿರಲಿ. ಒಪ್ಪಿಕೊಂಡ ಮೇಲೆ ತೋರಿಸಲು ಹೊಸದೊಂದು ಕೈಯಲ್ಲಿರಬೇಕು.

ಆ ಸಂಸ್ಥೆಯಲ್ಲಿ ಅವಳಿಗೆ ಸೀಟು ಸಿಕ್ಕಿತು. ಆದರೆ ಶುಲ್ಕ ನಮ್ಮ ಕೈಗೆ ಮೀರಿದ್ದಾಗಿತ್ತು. ಪಿಜಿಸಿಇಟಿಯನ್ನೂ ಬರೆದಿದ್ದಳು. ಆ ರ‍್ಯಾಂಕಿಗೆ ಮೈಸೂರಿನಲ್ಲಿ ಕಡಿಮೆ ಶುಲ್ಕದ ಸೀಟು ಸಿಕ್ಕಿತು, ಅದನ್ನೇ ಆರಿಸಿಕೊಂಡಳು. ಆದ್ದರಿಂದ ನಿಮ್ಮ ಮಕ್ಕಳೂ ಒಂದೇ ಪರೀಕ್ಷೆ ನಂಬಿ ಕೂರದಿರಲಿ.

ಕೊನೆಗೊಂದು ಎಚ್ಚರಿಕೆ. ಅಂಕ ಕಡಿಮೆ ಅಂತ ಗೊತ್ತಾದ ಕೂಡಲೇ "ಅಂಕ ಬೇಡ, ಪರೀಕ್ಷೆ ಬೇಡ, ಇಷ್ಟು ಕೊಡಿ, ಸೀಟು ಕೊಡಿಸ್ತೀವಿ" ಎನ್ನುವ ದಲ್ಲಾಳಿಗಳು ಫೋನು ಮಾಡುತ್ತಾರೆ. ಕಾಲೇಜಿಗೆ ಎಐಸಿಟಿಇ ಮಾನ್ಯತೆ ಇದೆಯೇ, ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ ಎಂದು ನೀವೇ ವಿಚಾರಿಸದೆ ಒಂದು ರೂಪಾಯಿಯನ್ನೂ ಬಿಚ್ಚಬೇಡಿ. ತಾಯಿಯ ಬಳೆ ಅಡವಿಟ್ಟು ಕಟ್ಟುವ ದುಡ್ಡು ಅದು.

ಪತ್ರ ಬರೆದ ಸೋದರಿಗೆ ನನ್ನ ಉತ್ತರ ಇಷ್ಟೇ. ಮಗನ ಪರವೂ ಬೇಡ, ಯಜಮಾನರ ಪರವೂ ಬೇಡ. ಇಬ್ಬರನ್ನೂ ಕೂರಿಸಿಕೊಂಡು ಆರು ಸೆಮಿಸ್ಟರಿನ ಅಂಕ ಬರೆಸಿ. ಎಲ್ಲಿ ಹಳ್ಳ ಬಿತ್ತು, ಏಕೆ ಬಿತ್ತು ಅಂತ ಮಗ ತಾನೇ ಹೇಳಲಿ. ಅವನು ಹೇಳುವಾಗ ನಡುವೆ ಬಾಯಿ ಹಾಕಬೇಡಿ.

ನಮ್ಮ ಮನೆಗೆ ಈಗಲೂ ನೆಂಟರು ಬರುತ್ತಾರೆ, ಈಗಲೂ ಕೇಳುತ್ತಾರೆ. "ಡಿಗ್ರಿಯಲ್ಲಿ 54, ಈಗ ಮೈಸೂರಿನಲ್ಲಿ ಎಂ.ಬಿ.ಎ. ಓದ್ತಿದ್ದಾಳೆ" ಅಂತ ನಾನೇ ಹೇಳುತ್ತೇನೆ. ಆಮೇಲೆ ಒಳಗೆ ಹೋಗುತ್ತೇನೆ, ನಿಜವಾಗಿಯೂ ಚಕ್ಕುಲಿ ತರಲು.

ಬರಲೇ? ಮುಂದಿನ ಸಂಚಿಕೆಯಲ್ಲಿ ಮತ್ತೆ ಮಾತಾಡೋಣ.