ಬೋರ್‌ವೆಲ್ ಲೆಕ್ಕಕ್ಕೆ ಟ್ರೀಟಿಯಂ ಸಾಕ್ಷಿ

ಬೇಸಿಗೆ ಬಂತೆಂದರೆ ಹೈದರಾಬಾದಿನ ಕೂಕಟ್‌ಪಲ್ಲಿಯ ಗಲ್ಲಿಗಳಲ್ಲಿ ನೀರಿನ ಟ್ಯಾಂಕರು, ಬೋರ್ ಕೊರೆಯುವ ಲಾರಿ ಎರಡಕ್ಕೂ ಬಿಡುವಿಲ್ಲ. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಜಲ ನೋಡುವವರಿಗೂ ಬೇಡಿಕೆ ಇದೆ. ವಿಚಿತ್ರವೆಂದರೆ, ನೆಲದ ನೀರಿನ ಲೆಕ್ಕವನ್ನು ಪರಮಾಣುವಿನಿಂದಲೇ ಹಾಕಿಕೊಟ್ಟವರು ಇದೇ ಊರಿನಲ್ಲಿದ್ದಾರೆ. 1961ರಲ್ಲಿ ಶುರುವಾದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, ಅಂದರೆ ಎನ್‌ಜಿಆರ್‌ಐ ಇರುವುದು ಉಪ್ಪಲ್ ರಸ್ತೆಯಲ್ಲಿ.

ಅವರ ಸಾಧನ ಟ್ರೀಟಿಯಂ, ಅಂದರೆ ವಿಕಿರಣಶೀಲ ಹೈಡ್ರೋಜನ್. ಮುಂಗಾರಿಗೆ ಮುಂಚೆ, ಬೇರುಗಳಿಗಿಂತ ಕೆಳಗೆ, ಟ್ರೀಟಿಯಂ ಬೆರೆಸಿದ ನೀರನ್ನು ಮಣ್ಣಿಗೆ ಚುಚ್ಚುತ್ತಾರೆ. ಮಳೆಗಾಲ ಮುಗಿದ ಮೇಲೆ ಅಲ್ಲಿಯ ಮಣ್ಣನ್ನು ಪದರ ಪದರವಾಗಿ ತೆಗೆದು, ತೇವವನ್ನು ಬಟ್ಟಿ ಇಳಿಸಿ, ವಿಕಿರಣ ಯಾವ ಆಳದಲ್ಲಿ ಹೆಚ್ಚಿದೆ ಎಂದು ಎಣಿಸುತ್ತಾರೆ. ಹೊಸ ಮಳೆ ಹಳೆಯ ತೇವವನ್ನು ಕೆಳಕ್ಕೆ ತಳ್ಳುತ್ತದೆ. ಗುರುತು ಇಳಿದಷ್ಟು ಮಣ್ಣಿನಲ್ಲಿರುವ ತೇವವೇ ಆ ವರ್ಷ ನೆಲಕ್ಕೆ ಇಂಗಿದ ನೀರು. ಹೆದರಬೇಕಿಲ್ಲ, ಬಳಸುವ ಪ್ರಮಾಣ ತೀರ ಅಲ್ಪ, ಅದೂ 12.3 ವರ್ಷಕ್ಕೊಮ್ಮೆ ಅರ್ಧವಾಗುತ್ತ ಹೋಗುತ್ತದೆ.

ದೇಶದ ಸುಮಾರು 35 ಪ್ರದೇಶಗಳ ಇಂಥ ಅಳತೆಗಳನ್ನು ಸಂಸ್ಥೆಯ ವಿಜ್ಞಾನಿಗಳಾದ ರಂಗರಾಜನ್ ಮತ್ತು ಅಠವಳೆ 2000ದಲ್ಲಿ ಪ್ರಕಟಿಸಿದರು. ಮಳೆಗಾಲದ ಮಳೆಯಲ್ಲಿ ನೆಲಕ್ಕಿಳಿಯುವುದು ಶೇ 4ರಿಂದ 20ರಷ್ಟು ಮಾತ್ರ.

ಶೇ 10 ಎಂದೇ ಹಿಡಿಯೋಣ. 200 ಚದರ ಗಜದ ಸೈಟಿನ ಮೇಲೆ ವರ್ಷಕ್ಕೆ 800 ಮಿಲಿಮೀಟರ್ ಮಳೆ ಬಿದ್ದರೆ ಇಂಗುವುದು ಸುಮಾರು 13,400 ಲೀಟರ್. 5,000 ಲೀಟರಿನ ಮೂರು ಟ್ಯಾಂಕರೂ ತುಂಬುವುದಿಲ್ಲ! ಆ ಸೈಟಿನಲ್ಲಿ ಹತ್ತು ಫ್ಲಾಟು, ಫ್ಲಾಟಿಗೆ ನಾಲ್ವರು, ತಲೆಗೆ ದಿನಕ್ಕೆ 135 ಲೀಟರ್ ಎಂದರೆ ವರ್ಷದ ಗಳಿಕೆ ಮೂರೇ ದಿನಕ್ಕೆ ಖರ್ಚು. ಇದು ಬಯಲು ಮಣ್ಣಿನ ಲೆಕ್ಕ. ಕಾಂಕ್ರೀಟು ಹೊದ್ದ ಕಾಲೊನಿಯಲ್ಲಿ ಮಳೆ ಇಂಗುವುದು ಇನ್ನೂ ಕಷ್ಟ. ಒಡೆದ ಪೈಪು, ಚರಂಡಿಗಳಿಂದ ಒಂದಿಷ್ಟು ಇಳಿಯುತ್ತದೆ, ನಿಜ. ಅದನ್ನು ಗಳಿಕೆ ಎನ್ನಲು ನನಗಂತೂ ಮನಸ್ಸಿಲ್ಲ.

ಇನ್ನಷ್ಟು ಆಳಕ್ಕೆ ಹೋದರಾಯಿತು ಎನ್ನುವವರಿದ್ದಾರೆ. ರಾಯಚೂರು, ಕೋಲಾರದಂತೆ ಇಲ್ಲಿಯದೂ ಗ್ರಾನೈಟು ನೆಲ. ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ, ಬಂಡೆಯ ಬಿರುಕುಗಳಲ್ಲಿ. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ. ಆಳದ ನೀರು ಸಿಕ್ಕರೂ ಅದರ ವಯಸ್ಸು ಕೇಳಬೇಕು. 1950, 60ರ ದಶಕಗಳ ಬಾಂಬ್ ಪರೀಕ್ಷೆಗಳು ಮಳೆಗೆ ಟ್ರೀಟಿಯಂ ಬೆರೆಸಿದವು, 1963ರ ಹೊತ್ತಿಗೆ ಅದು ಶಿಖರ ಮುಟ್ಟಿತು. ನೀರಿನಲ್ಲಿ ಟ್ರೀಟಿಯಂ ಸುಳಿವೇ ಇಲ್ಲದಿದ್ದರೆ ಅದು ಬಹುಪಾಲು ಆ ಪರೀಕ್ಷೆಗಳಿಗೂ ಹಿಂದಿನದು, ಅಂದರೆ ನಿಜಾಮರ ಕಾಲದ ಮಳೆ. ಅದನ್ನೆತ್ತಿ ಕಾರು ತೊಳೆಯುವುದು ಇಟ್ಟ ಗಂಟನ್ನೇ ಕರಗಿಸಿದ ಹಾಗೆ.

ಹೊಸ ಬೋರಿಗೆ ಚಂದಾ ಎತ್ತುವ ಅಸೋಸಿಯೇಷನ್ನುಗಳು ಆ ಹಣದಲ್ಲಿ ಮೊದಲು ಇಂಗುಗುಂಡಿ ತೆಗೆಸಲಿ. ತಾರಸಿಯ ಪೈಪನ್ನು ಮುಂಗಾರಿಗೆ ಮುಂಚೆ ಅದಕ್ಕೆ ತಿರುಗಿಸಿ.